ಮತ್ತೆ ಮತ್ತೆ ಕೆಡುವ ಬ್ರೇಕು

ಸಿದ್ದಾಪುರದಿಂದ ಒಬ್ಬ ಅಕ್ಕ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ. ಸ್ವಲ್ಪ ಕಾಫಿ ತೋಟ, ಅದರೊಳಗೆ ಮೆಣಸಿನ ಬಳ್ಳಿ, ಜೊತೆಗೆ ಒಂದು ಪಿಕಪ್ ಗಾಡಿ. ತೋಟದಲ್ಲಿ ಕೆಲಸವಿಲ್ಲದ ದಿನ ಯಜಮಾನರು ಅದೇ ಗಾಡಿಯನ್ನು ಬಾಡಿಗೆಗೆ ಓಡಿಸುತ್ತಾರೆ. ಗಾಡಿಗೆ ಈಗ ನಾಲ್ಕು ವರ್ಷ, ವಾರಂಟಿ ಮುಗಿದು ಒಂದು ವರ್ಷ ದಾಟಿದೆ.

“ವಾರಂಟಿ ಇರೋವರೆಗೆ ಒಂದು ದಿನ ತೊಂದರೆ ಕೊಡಲಿಲ್ಲ. ಮುಗಿದ ಮೇಲೆ ನಾಲ್ಕು ಸಲ ಬ್ರೇಕ್ ಮಾಡಿಸಿದ್ದಾಯ್ತು. ಮುಂದಿನ ಪ್ಯಾಡು ಎರಡು ಸಲ, ಡಿಸ್ಕು ಒಂದು ಸಲ, ವೀಲ್ ಸಿಲಿಂಡರ್ ಒಂದು ಸಲ. ಮಾಡಿಸಿದ ತಿಂಗಳು ಚೆನ್ನಾಗಿರುತ್ತೆ, ಆಮೇಲೆ ಇಳಿಜಾರಲ್ಲಿ ಪೆಡಲ್ ಒಳಗೆ ಹೋಗುತ್ತೆ. ಶೋರೂಮಿನವರು ‘ವಾರಂಟಿ ಮುಗೀತಲ್ಲ’ ಅಂತಾರೆ. ಗ್ಯಾರೇಜಿನವರು ‘ಲೋಡು ಜಾಸ್ತಿ’ ಅಂತಾರೆ. ನಮ್ಮನೆಯವರು ‘ಮಾರಿಬಿಡೋಣ’ ಅಂತಾರೆ. ಸಾಲದ ಕಂತು ಇನ್ನೂ ಹನ್ನೊಂದು ಇದೆ. ಹಣ್ಣು ಕುಯ್ಯೋ ಕಾಲಕ್ಕೆ ಆಳುಗಳೂ ಅದರಲ್ಲೇ ಬರ್ತಾರೆ. ಅವರು ಮನೆಗೆ ಮುಟ್ಟಿದರು ಅಂತ ಫೋನ್ ಬರೋವರೆಗೆ ನನಗೆ ಸಮಾಧಾನ ಇಲ್ಲ.”

ಪತ್ರದ ಕೊನೆಗೆ, ಲೆಕ್ಕಕ್ಕಿಲ್ಲದ ಮಾತಿನ ಹಾಗೆ ಇನ್ನೊಂದು ಸಾಲಿದೆ: “ಲೋಡಿಗೆ ಹಿಂದುಗಡೆ ತುಂಬಾ ಬಗ್ಗುತ್ತೆ ಅಂತ ಹೋದ ವರ್ಷ ಎರಡು ಪ್ಲೇಟು ಜಾಸ್ತಿ ಹಾಕಿಸಿದ್ವಿ.” ಆ ಸಾಲಿಗೆ ಆಮೇಲೆ ಬರುತ್ತೇನೆ.

ಇಂಥ ಪತ್ರ ಕೊಡಗಿನ ಯಾವ ಊರಿಂದ ಬೇಕಾದರೂ ಬರಬಹುದು. ಸಿದ್ದಾಪುರದಿಂದ ಚೆಟ್ಟಳ್ಳಿ ಮೇಲೆ ಮಡಿಕೇರಿಗೆ ಹೋಗಿ, ಅಮ್ಮತ್ತಿ ಮೇಲೆ ವಿರಾಜಪೇಟೆಗೆ ಹೋಗಿ, ಏರು-ಇಳಿವು-ತಿರುವು ತಪ್ಪಿದ್ದಲ್ಲ. ಮಾಲ್ದಾರೆ ಕಡೆ ಮುಸ್ಸಂಜೆ ಹೊತ್ತಿಗೆ ತಿರುವಿನಾಚೆ ಆನೆ ನಿಂತಿದ್ದರೆ, ಆ ಕ್ಷಣ ಬ್ರೇಕ್ ಹಿಡಿಯಲೇಬೇಕು. ಇಲ್ಲಿ ಬ್ರೇಕು ಅನ್ನುವುದು ಮನೆಯ ಖರ್ಚಿನ ಪಟ್ಟಿಯ ಒಂದು ಬಾಬತ್ತು ಮಾತ್ರ ಅಲ್ಲ.

ಬದಲಾಯಿಸಿದ್ದು ಪೆಟ್ಟು ತಿಂದ ಭಾಗ

ಮೊದಲು ಒಂದು ಮಾತು ಮನಸ್ಸಲ್ಲಿರಲಿ. ಒಂದು ಭಾಗ ಬೇಗ ಸವೆದರೆ ಅದನ್ನು ಬದಲಾಯಿಸುತ್ತೇವೆ. ಹೊಸದೂ ಅಷ್ಟೇ ಬೇಗ ಸವೆದರೆ, ಕೆಟ್ಟಿರುವುದು ಆ ಭಾಗ ಅಲ್ಲ ಅಂತ ಅರ್ಥ. ಅದು ಬೇರೆ ಯಾವುದೋ ತಪ್ಪಿನ ಪೆಟ್ಟು ತಿನ್ನುತ್ತಿದೆ. ಮನೆ ಗೋಡೆಗೆ ತೇವ ಬಂದರೆ ಸುಣ್ಣ ಹೊಡೆಯುತ್ತೇವೆ. ಮುಂದಿನ ಮಳೆಗೆ ಅದೇ ಜಾಗದಲ್ಲಿ ಮತ್ತೆ ತೇವ. ಹಂಚು ಒಡೆದಿರುವುದನ್ನು ನೋಡುವವರೆಗೆ ಸುಣ್ಣದ ಖರ್ಚು ನಿಲ್ಲುವುದಿಲ್ಲ. ಪತ್ರ ಬರೆದ ಅಕ್ಕನ ಮನೆಯವರು ನಾಲ್ಕು ಸಲ ಸುಣ್ಣ ಹೊಡೆಸಿದ್ದಾರೆ. ಹಂಚು ಹುಡುಕಿದವರು ಯಾರೂ ಇಲ್ಲ.

ಹುಡುಕುವುದಕ್ಕೆ ಮೊದಲ ಸುಳಿವು ಕೊಡುವುದು ಪೆಡಲ್. “ಬ್ರೇಕ್ ಸರಿಯಿಲ್ಲ” ಅಂತ ಮಾತ್ರ ಹೇಳಿದರೆ ಮೆಕ್ಯಾನಿಕ್ಕಿಗೆ ಏನೂ ಹೇಳಿದಂತಾಗುವುದಿಲ್ಲ. ಹೇಗೆ ಸರಿಯಿಲ್ಲ ಅನ್ನುವುದು ಮುಖ್ಯ.

ಪೆಡಲ್ ಸ್ಪಂಜಿನ ಹಾಗೆ ಮೆತ್ತಗಿದ್ದು, ಎರಡು ಮೂರು ಸಲ ಪಂಪ್ ಮಾಡಿದರೆ ಹಿಡಿಯುತ್ತದೆಯೇ? ಬ್ರೇಕ್ ಆಯಿಲ್ ಲೈನಿನಲ್ಲಿ ಗಾಳಿ ಅಥವಾ ಆವಿ ಇರಬಹುದು, ಇಲ್ಲವೇ ಹಿಂದಿನ ಡ್ರಮ್ಮಿನ ಲೈನರ್ ಅಡ್ಜಸ್ಟ್ ತಪ್ಪಿರಬಹುದು. ಗಾಡಿ ನಿಂತಿರುವಾಗ ಪೆಡಲ್ ಒತ್ತಿ ಹಿಡಿದುಕೊಂಡರೆ ಅದು ನಿಧಾನವಾಗಿ ಕೆಳಗಿಳಿಯುತ್ತದೆಯೇ? ಎಲ್ಲೋ ಸೋರಿಕೆ ಇದೆ. ಹೊರಗೆ ಎಲ್ಲೂ ಆಯಿಲ್ ಕಾಣದಿದ್ದರೆ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಸವೆದಿರುವುದು ಹೆಚ್ಚು. ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಯಿತೇ? ವ್ಯಾಕ್ಯೂಂ ಬೂಸ್ಟರ್, ಅದರ ಪೈಪು, ಪಂಪು ನೋಡಬೇಕು. ಬ್ರೇಕ್ ಹಿಡಿದಾಗ ಗಾಡಿ ಒಂದು ಕಡೆಗೆ ಎಳೆಯುತ್ತದೆಯೇ? ಒಂದು ಬದಿಯ ಕ್ಯಾಲಿಪರ್ ಅಂಟಿಕೊಂಡಿರಬಹುದು, ಅಥವಾ ಒಂದು ಬದಿಯ ಲೈನರಿಗೆ ಆಯಿಲ್ ತಾಗಿರಬಹುದು. ಕಾಲಿಗೆ ಬಡಿಬಡಿದ ಹಾಗೆ ನಡುಕ ಬರುತ್ತದೆಯೇ? ಡಿಸ್ಕ್ ಸಮವಾಗಿ ಉಳಿದಿಲ್ಲ.

ಪತ್ರದಲ್ಲಿರುವುದು ಇವ್ಯಾವುದೂ ಪೂರ್ತಿ ಅಲ್ಲ. ಬೆಳಿಗ್ಗೆ ಮನೆಯಿಂದ ಹೊರಡುವಾಗ ಪೆಡಲ್ ಸರಿಯಿರುತ್ತದೆ. ಲೋಡು ಹಾಕಿ ಇಳಿಜಾರು ಇಳಿಯುವಾಗ ಒಳಗೆ ಹೋಗುತ್ತದೆ. ಸ್ವಲ್ಪ ಹೊತ್ತು ನಿಲ್ಲಿಸಿದರೆ ಮತ್ತೆ ಸರಿಯಾಗುತ್ತದಂತೆ. ಇದು ಬಿಸಿಯ ಲಕ್ಷಣ.

ಬಿಸಿ ಎಷ್ಟು?

ಬ್ರೇಕು ಮಾಡುವ ಕೆಲಸ ಒಂದೇ: ಗಾಡಿಯ ಓಟವನ್ನು ಬಿಸಿಯಾಗಿ ಬದಲಾಯಿಸುವುದು. ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿದು ಸುಳ್ಯಕ್ಕೆ ಹೋದರೆ ಸುಮಾರು 1,000 ಮೀಟರ್ ಕೆಳಗಿಳಿದ ಹಾಗೆ. ಲೋಡು ಸೇರಿ 3 ಟನ್ ತೂಗುವ ಗಾಡಿ ಅಷ್ಟು ಇಳಿದರೆ ಹೊರಬರುವ ಶಕ್ತಿಯನ್ನು ಲೆಕ್ಕ ಹಾಕಿ ನೋಡಿ. ಸುಮಾರು 90 ಲೀಟರ್ ತಣ್ಣೀರನ್ನು ಕುದಿ ಬರಿಸುವಷ್ಟು! ಒಂದು ದೊಡ್ಡ ಹಂಡೆ. ಎಂಜಿನ್ ಮತ್ತು ಗಾಳಿ ಅದರಲ್ಲಿ ತಮ್ಮ ಪಾಲು ತೆಗೆದುಕೊಳ್ಳುತ್ತವೆ. ಎಂಜಿನ್ನಿಗೆ ಪಾಲು ಕೊಡದೆ ನ್ಯೂಟ್ರಲ್‌ನಲ್ಲಿ ಇಳಿಸಿದರೆ ಆ ಹಂಡೆಯ ಬಿಸಿಯಲ್ಲಿ ಬಹುಪಾಲು ನಾಲ್ಕು ಚಕ್ರದ ಬ್ರೇಕಿಗೇ ಬೀಳುತ್ತದೆ.

ಡೀಸೆಲ್ ಉಳಿಸಲು ನ್ಯೂಟ್ರಲ್ ಹಾಕಿ ಇಳಿಸುವವರು ನಮ್ಮಲ್ಲಿ ಕಮ್ಮಿ ಇಲ್ಲ. ಕೆಲವರು ಎಂಜಿನ್ನನ್ನೇ ಆಫ್ ಮಾಡುತ್ತಾರೆ. ಆಫ್ ಮಾಡಿದರೆ ವ್ಯಾಕ್ಯೂಂ ತಯಾರಾಗುವುದು ನಿಲ್ಲುತ್ತದೆ. ಬೂಸ್ಟರಿನಲ್ಲಿ ಉಳಿದದ್ದು ಒಂದೆರಡು ಸಲ ಒತ್ತುವುದರಲ್ಲಿ ಖಾಲಿ. ಆಮೇಲೆ ಕಾಲಿನ ಬಲ ಒಂದೇ ಗತಿ. ಹತ್ತಲು ಯಾವ ಗೇರು ಬೇಕೋ ಇಳಿಯಲೂ ಅದೇ ಗೇರು ಅಂತ ಹಿಂದಿನ ಲಾರಿ ಡ್ರೈವರುಗಳು ಹೇಳುತ್ತಿದ್ದುದು ಇದಕ್ಕೇ.

ಬಿಸಿಯ ಇನ್ನೊಂದು ಮುಖ ಬ್ರೇಕ್ ಆಯಿಲ್. ಹೆಸರಿಗೆ ಆಯಿಲ್, ನಿಜವಾಗಿ ಎಣ್ಣೆಯಲ್ಲ. ನಮ್ಮ ಗಾಡಿಗಳಿಗೆ ಹಾಕುವ ಡಾಟ್ 3, ಡಾಟ್ 4 ದ್ರವಗಳು ಗಾಳಿಯ ತೇವವನ್ನು ಹೀರಿಕೊಳ್ಳುವ ಜಾತಿಯವು. ಕೊಡಗಿನ ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ಏನಾಗುತ್ತದೆ ಅಂತ ನಿಮಗೇ ಗೊತ್ತು. ಮುಚ್ಚಳ ಹಾಕಿದ್ದರೂ ನೀರೊಡೆಯುತ್ತದೆ. ಬ್ರೇಕ್ ಆಯಿಲ್ ಕೂಡ ಹಾಗೇ, ಆದರೆ ಕಣ್ಣಿಗೆ ಕಾಣುವುದಿಲ್ಲ. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅನ್ನುವುದು ನಿಯಮ. ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಹೊಸದರಲ್ಲಿ 230, ತೇವ ಹೀರಿದಾಗ 155. ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆ. ದ್ರವವನ್ನು ಒತ್ತಿದರೆ ಅದು ಒತ್ತಡವನ್ನು ಚಕ್ರಕ್ಕೆ ದಾಟಿಸುತ್ತದೆ; ಗುಳ್ಳೆಯನ್ನು ಒತ್ತಿದರೆ ಗುಳ್ಳೆ ಕುಗ್ಗುತ್ತದೆ ಅಷ್ಟೆ. ಪೆಡಲ್ ಒಳಗೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ತಣ್ಣಗಾದರೆ ಗುಳ್ಳೆ ಮಾಯ, ಪೆಡಲ್ ಮತ್ತೆ ಸರಿ. ಗ್ಯಾರೇಜಿಗೆ ಮುಟ್ಟುವಾಗ ಗಾಡಿ ತಣ್ಣಗಾಗಿರುತ್ತದೆ, “ಏನೂ ಇಲ್ವಲ್ಲ ಸಾರ್” ಅಂತಾರೆ. ಅವರು ಸುಳ್ಳು ಹೇಳುತ್ತಿಲ್ಲ.

ಅದಕ್ಕೇ ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಪೂರ್ತಿ ಬದಲಾಯಿಸಬೇಕು ಅನ್ನುವುದು. ಕಮ್ಮಿಯಾದಷ್ಟು ಮೇಲಿಂದ ಹುಯ್ಯುವುದಲ್ಲ. ಹಳೆಯದನ್ನು ನಾಲ್ಕೂ ಚಕ್ರದಿಂದ ಹೊರತೆಗೆದು, ಸೀಲ್ ಒಡೆಯದ ಡಬ್ಬಿಯಿಂದ ಹೊಸದು ಹಾಕಬೇಕು. ಯಾವ ಡಾಟ್ ಅನ್ನುವುದು ಗಾಡಿಯ ಪುಸ್ತಕದಲ್ಲೂ ಡಬ್ಬಿಯ ಮುಚ್ಚಳದ ಮೇಲೂ ಇರುತ್ತದೆ. ಅಕ್ಕನ ಪತ್ರದ ನಾಲ್ಕು ರಿಪೇರಿಯಲ್ಲಿ ಪೂರ್ತಿ ಆಯಿಲ್ ಬದಲಾಯಿಸಿದ ಮಾತೇ ಇಲ್ಲ.

ಆ ಎರಡು ಪ್ಲೇಟು

ಈಗ ಪತ್ರದ ಕೊನೆಯ ಸಾಲು. ಗಾಡಿಯನ್ನು ನೋಡದೆ ಕೈಯಿಟ್ಟು ಇದೇ ಅಂತ ಹೇಳಲಾಗದು. ಆದರೆ ಮೊದಲು ನೋಡಬೇಕಾದ ಜಾಗ ಇದು.

ಪಿಕಪ್ ಖಾಲಿಯಿದ್ದಾಗ ಹಿಂದಿನ ಚಕ್ರದ ಮೇಲೆ ಭಾರ ಕಮ್ಮಿ. ಆಗ ಹಿಂದಿನ ಬ್ರೇಕ್ ಜೋರಾಗಿ ಹಿಡಿದರೆ ಚಕ್ರ ಲಾಕ್ ಆಗಿ ಗಾಡಿ ಅಡ್ಡ ತಿರುಗುತ್ತದೆ. ಲೋಡಿದ್ದಾಗ ಹಿಂದಿನ ಬ್ರೇಕ್ ಜೋರಾಗಿಯೇ ಹಿಡಿಯಬೇಕು. ಈ ಹೆಚ್ಚು-ಕಮ್ಮಿ ಮಾಡಲು ಅನೇಕ ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್ ಹತ್ತಿರ ಒಂದು ವಾಲ್ವ್ ಇರುತ್ತದೆ. ಲೋಡ್ ಸೆನ್ಸಿಂಗ್ ವಾಲ್ವ್ ಅಂತಾರೆ. ಅದಕ್ಕೆ ತೂಕ ಗೊತ್ತಾಗುವುದು ಒಂದೇ ದಾರಿಯಲ್ಲಿ: ಹಿಂಭಾಗ ಎಷ್ಟು ಬಗ್ಗಿದೆ ಅಂತ ಒಂದು ಸರಳಿನ ಮೂಲಕ ಅಳೆಯುತ್ತದೆ. ಹೆಚ್ಚು ಬಗ್ಗಿದರೆ ಲೋಡಿದೆ, ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ. ಬಗ್ಗದಿದ್ದರೆ ಖಾಲಿ, ಕಮ್ಮಿ ಒತ್ತಡ. ಎಬಿಎಸ್ ಇರುವ ಗಾಡಿಗಳಲ್ಲಿ ಈ ಕೆಲಸವನ್ನು ಎಲೆಕ್ಟ್ರಾನಿಕ್ಸ್ ನೋಡಿಕೊಳ್ಳುವುದೂ ಇದೆ.

ಸ್ಪ್ರಿಂಗಿಗೆ ಎರಡು ಪ್ಲೇಟು ಜಾಸ್ತಿ ಹಾಕಿಸಿದರೆ ಏನಾಗುತ್ತದೆ? ಎರಡು ಟನ್ ಹೇರಿದರೂ ಹಿಂಭಾಗ ಬಗ್ಗುವುದಿಲ್ಲ. ವಾಲ್ವಿನ ಲೆಕ್ಕದಲ್ಲಿ ಗಾಡಿ ಖಾಲಿ. ಹಿಂದಿನ ಬ್ರೇಕ್ ಅರೆಬರೆ ಹಿಡಿಯುತ್ತದೆ, ಇಡೀ ಭಾರ ಮುಂದಿನ ಡಿಸ್ಕಿನ ಮೇಲೆ. ಮುಂದಿನ ಪ್ಯಾಡು ತಿಂಗಳುಗಳಲ್ಲಿ ಸವೆಯುತ್ತದೆ, ಡಿಸ್ಕು ನೀಲಿಗಟ್ಟುತ್ತದೆ, ಮುಂದಿನ ಚಕ್ರದ ಬಿಸಿಗೆ ಆಯಿಲ್ ಕುದಿಯುತ್ತದೆ. ಪತ್ರದ ರಿಪೇರಿ ಪಟ್ಟಿಯನ್ನು ಇನ್ನೊಮ್ಮೆ ಓದಿ: ಪ್ಯಾಡು ಎರಡು ಸಲ, ಡಿಸ್ಕು ಒಂದು ಸಲ, ಎಲ್ಲಾ ಮುಂದಿನದೇ.

ಇದನ್ನು ಮನೆಯಲ್ಲೇ ಒಂದು ಮಟ್ಟಿಗೆ ನೋಡಬಹುದು. ಲೋಡು ಹಾಕಿ ಹತ್ತು ಹದಿನೈದು ನಿಮಿಷ ಓಡಿಸಿ ಬಂದ ಮೇಲೆ ನಾಲ್ಕೂ ಚಕ್ರದ ಹತ್ತಿರ ಅಂಗೈ ಹಿಡಿಯಿರಿ. ಮುಟ್ಟಬೇಡಿ, ಸುಟ್ಟೀತು. ಮುಂದಿನ ಎರಡು ಒಲೆಯ ಹಾಗೆ, ಹಿಂದಿನ ಎರಡು ತಣ್ಣಗೆ ಅಂತಾದರೆ ಹಿಂದಿನ ಬ್ರೇಕು ದುಡಿಯುತ್ತಿಲ್ಲ. ಕಾರಣ ವಾಲ್ವ್ ಇರಬಹುದು, ಡ್ರಮ್ಮಿನೊಳಗಿನ ಅಡ್ಜಸ್ಟರ್ ತೋಟದ ಕೆಸರಿಗೆ ಹಿಡಿದುಕೊಂಡಿರಬಹುದು, ವೀಲ್ ಸಿಲಿಂಡರ್ ಸೋರಿ ಲೈನರ್ ಒದ್ದೆಯಾಗಿರಬಹುದು. ಒಂದೇ ಒಂದು ಚಕ್ರ ಮಾತ್ರ ಕಾದಿದ್ದರೆ ಅಲ್ಲಿ ಬ್ರೇಕ್ ಬಿಡುತ್ತಿಲ್ಲ. ಪಕ್ಕಾ ಗೊತ್ತಾಗಬೇಕಾದರೆ ರೋಲರ್ ಬ್ರೇಕ್ ಟೆಸ್ಟರ್ ಇರುವ ಕಡೆ ತೋರಿಸಬೇಕು. ಯಾವ ಚಕ್ರ ಎಷ್ಟು ಹಿಡಿಯುತ್ತಿದೆ ಅಂತ ಅದು ಬಿಡಿಬಿಡಿಯಾಗಿ ತೋರಿಸುತ್ತದೆ.

ಹಾಗಾದರೆ ಗ್ಯಾರೇಜಿನವರು ಹೇಳಿದ “ಲೋಡು ಜಾಸ್ತಿ” ಸರಿಯೇ? ಅರ್ಧ ಸರಿ. ಒಂದು ಮೂಟೆ ಕಾಫಿ ಅಂದರೆ 50 ಕಿಲೋ. ಆರ್.ಸಿ.ಯಲ್ಲಿ ಗಾಡಿಯ ಖಾಲಿ ತೂಕವೂ ಲೋಡು ಸೇರಿದ ಗರಿಷ್ಠ ತೂಕವೂ ಇರುತ್ತದೆ. ಕಳೆದರೆ ಹೊರಬಹುದಾದ ಭಾರ ಸಿಗುತ್ತದೆ. ಅದು 1,300 ಕಿಲೋ ಆದರೆ 26 ಮೂಟೆ. 40 ಮೂಟೆ ಹೇರಿದರೆ 700 ಕಿಲೋ ಜಾಸ್ತಿ. ಪ್ಲೇಟು ಹಾಕಿಸಿದರೆ ಸ್ಪ್ರಿಂಗ್ ತಡೆಯುತ್ತದೆ, ಬ್ರೇಕು ದೊಡ್ಡದಾಗುವುದಿಲ್ಲ. ಆದರೆ ಲೋಡು ಜಾಸ್ತಿ ಅಂತ ಗೊತ್ತಿದ್ದೂ ಹಿಂದಿನ ಬ್ರೇಕನ್ನು ನೋಡದೆ ಎರಡನೇ ಸಲ ಪ್ಯಾಡು ಹಾಕಿ ಕಳಿಸಿದ್ದು ಸರಿಯಾದ ಕೆಲಸ ಅಲ್ಲ.

ವಾರಂಟಿ ಮುಗಿದಿರಬಹುದು, ಬಿಲ್ಲು ಮುಗಿದಿಲ್ಲ

ಇನ್ನು ಶೋರೂಮಿನ ಮಾತು. ವಾರಂಟಿ ಪುಸ್ತಕವನ್ನು ಒಮ್ಮೆ ಬಿಡಿಸಿ ಓದಿ. ಬ್ರೇಕ್ ಪ್ಯಾಡು, ಲೈನರ್, ಆಯಿಲ್ ಇವುಗಳನ್ನು ಸವೆಯುವ ವಸ್ತು ಅಂತ ಸಾಮಾನ್ಯವಾಗಿ ಹೊರಗೇ ಇಟ್ಟಿರುತ್ತಾರೆ. ಅಂದರೆ ವಾರಂಟಿ ಇದ್ದಾಗಲೂ ಅದರಲ್ಲಿ ಬಹಳಷ್ಟು ನಿಮ್ಮ ಖರ್ಚೇ ಆಗಿತ್ತು. ಇದನ್ನು ತಿಳಿದರೆ “ವಾರಂಟಿ ಮುಗಿದ ದಿನವೇ ಕೆಡುವ ಹಾಗೆ ಮಾಡಿದ್ದಾರೆ” ಅನ್ನುವ ಸಂಶಯ ಸ್ವಲ್ಪ ಕಮ್ಮಿಯಾಗುತ್ತದೆ. ಆದರೆ ವಾರಂಟಿ ಮುಗಿದರೆ ಎಲ್ಲ ದಾರಿಯೂ ಮುಚ್ಚಿತು ಅಂತಲ್ಲ. ಮೂರು ದಾರಿ ಇವೆ.

ಒಂದು, ರೀಕಾಲ್. ತಯಾರಿಕೆಯಲ್ಲೇ ಸುರಕ್ಷತೆಯ ದೋಷವಿದ್ದರೆ ಕಂಪನಿ ಗಾಡಿಗಳನ್ನು ವಾಪಸ್ ಕರೆಸಿ ಪುಕ್ಕಟೆ ಸರಿಮಾಡಿ ಕೊಡುತ್ತದೆ. ಅದಕ್ಕೆ ವಾರಂಟಿ ಬೇಕಿಲ್ಲ. 2021ರಲ್ಲಿ ಮಹೀಂದ್ರದವರು ಸುಮಾರು 30 ಸಾವಿರ ಪಿಕಪ್‌ಗಳನ್ನು ದ್ರವ ಹರಿಯುವ ಒಂದು ಪೈಪಿನ ಜೋಡಣೆಯ ಅನುಮಾನಕ್ಕೆ ಕರೆಸಿದ್ದರು. 2022ರ ಅಕ್ಟೋಬರಿನಲ್ಲಿ ಮಾರುತಿಯವರು 9,925 ಕಾರುಗಳನ್ನು ಹಿಂದಿನ ಬ್ರೇಕಿನ ಒಂದು ಪಿನ್ನಿಗಾಗಿ ಕರೆಸಿದರು. 2019ರ ಮೋಟಾರು ವಾಹನ ತಿದ್ದುಪಡಿಯಿಂದ ರೀಕಾಲ್ ಮಾಡಿಸುವ ಅಧಿಕಾರ ಸರ್ಕಾರಕ್ಕೂ ಬಂದಿದೆ, 2021ರ ಏಪ್ರಿಲ್ 1ರಿಂದ ಅದರ ನಿಯಮಗಳು ಜಾರಿಯಲ್ಲಿವೆ; ಏಳು ವರ್ಷದೊಳಗಿನ ಗಾಡಿಗೆ ಅದು ಅನ್ವಯ. ನಿಮ್ಮ ಗಾಡಿಯ ಚಾಸಿಸ್ ನಂಬರ್ ಕೊಟ್ಟು “ಇದಕ್ಕೆ ಬಾಕಿ ರೀಕಾಲ್ ಇದೆಯಾ” ಅಂತ ಶೋರೂಮಿನಲ್ಲಿ ಕೇಳಿ. ಬಾಯಲ್ಲಿ ಅಲ್ಲ, ಬರವಣಿಗೆಯಲ್ಲಿ.

ಎರಡು, ರಿಪೇರಿಯ ಬಿಲ್ಲು. ಗಾಡಿಯ ವಾರಂಟಿ ಬೇರೆ, ನೀವು ದುಡ್ಡು ಕೊಟ್ಟು ಮಾಡಿಸಿದ ರಿಪೇರಿ ಬೇರೆ. ಪ್ರತಿ ರಿಪೇರಿಯೂ ಕಾನೂನಿನ ಕಣ್ಣಲ್ಲಿ ಹೊಸ ಸೇವೆ. ಅದೇ ತೊಂದರೆ ತಿಂಗಳಲ್ಲಿ ಮತ್ತೆ ಬಂದರೆ ಸೇವೆಯಲ್ಲಿ ಕೊರತೆ ಆಗಿದೆಯೇ ಅಂತ ಕೇಳುವ ಹಕ್ಕು ನಿಮಗಿದೆ. ಅದಕ್ಕೆ ಬಿಲ್ಲು ಬೇಕು. “ಬಿಲ್ಲಿಲ್ಲದೆ ಮಾಡಿಕೊಡ್ತೀನಿ, ಜಿಎಸ್‌ಟಿ ಉಳಿಯುತ್ತೆ” ಅಂದಾಗ ಒಪ್ಪಿಕೊಂಡರೆ ಉಳಿಯುವುದು ನೂರಾರು ರೂಪಾಯಿ, ಹೋಗುವುದು ಈ ಹಕ್ಕು. ಜಾಬ್ ಕಾರ್ಡಿನಲ್ಲಿ “ಬ್ರೇಕ್ ಚೆಕ್” ಅಂತ ಬರೆಯಲು ಬಿಡಬೇಡಿ. “ಲೋಡಿನಲ್ಲಿ ಇಳಿಜಾರು ಇಳಿಯುವಾಗ ಪೆಡಲ್ ಒಳಗೆ ಹೋಗುತ್ತದೆ, ಮೂರನೇ ಸಲ” ಅಂತ ಬರೆಸಿ. ಕಿಲೋಮೀಟರ್ ಬರೆಸಿ. ತೆಗೆದ ಹಳೆಯ ಭಾಗವನ್ನು ಕೇಳಿ ತನ್ನಿ.

ಮೂರು, ಗ್ರಾಹಕ ಆಯೋಗ. ಮೊದಲು 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲಿ ಬಗೆಹರಿಯದಿದ್ದರೆ ಮಡಿಕೇರಿಯ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಂಪನಿ ಇರುವ ಊರಿಗೆ ಹೋಗಬೇಕಿಲ್ಲ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ತೊಂದರೆಯಾದ ಎರಡು ವರ್ಷದೊಳಗೆ ಕೊಡಬೇಕು.

“ಅದು ಬಾಡಿಗೆ ಗಾಡಿ, ನೀವು ಗ್ರಾಹಕರೇ ಅಲ್ಲ” ಅಂತ ಎದುರಿನವರು ವಾದ ಹೂಡಬಹುದು. ಹೆದರಬೇಡಿ. 1995ರಲ್ಲಿ ಲಕ್ಷ್ಮಿ ಎಂಜಿನಿಯರಿಂಗ್ ವರ್ಕ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ಹೊಟ್ಟೆಪಾಡಿಗಾಗಿ ಆಟೋ, ಲಾರಿ ಕೊಂಡು ತಾನೇ ಓಡಿಸುವವನು ಗ್ರಾಹಕನೇ. ನಾಲ್ಕಾರು ಗಾಡಿ ಇಟ್ಟು ಡ್ರೈವರುಗಳಿಂದ ಓಡಿಸುವವರ ಮಾತು ಬೇರೆ. ಆದರೆ “ತಯಾರಿಕಾ ದೋಷ” ಅಂತ ಬರೇ ಬಾಯಲ್ಲಿ ಹೇಳಿದರೆ ಆಯೋಗದಲ್ಲಿ ನಿಲ್ಲುವುದು ಕಷ್ಟ, ತಜ್ಞರ ವರದಿ ಬೇಕಾಗುತ್ತದೆ. ಪ್ಲೇಟು ಹಾಕಿಸಿದ ಗಾಡಿಗೆ ಆ ವಾದ ಇನ್ನೂ ಕಷ್ಟ: ಮೂಲದಲ್ಲಿದ್ದದ್ದನ್ನು ನೀವೇ ಬದಲಾಯಿಸಿದ್ದೀರಿ ಅಂತಾರೆ. ಹಾಗಾಗಿ ಈ ಪತ್ರದ ಮಟ್ಟಿಗೆ ಮೊದಲ ಕೆಲಸ ಆಯೋಗಕ್ಕೆ ಹೋಗುವುದಲ್ಲ, ಗಾಡಿಯ ಅಡಿಗೆ ಹೋಗುವುದು.

ಗಾಡಿಯ ಹಿಂದೆ ನಿಂತು ಬರುವವರು

ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಹಣದ ವಿಚಾರ ಅಲ್ಲ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಹಣ್ಣು ಕುಯ್ಯುವ ಕಾಲದಲ್ಲಿ ಬೆಳಿಗ್ಗೆ ಯಾವ ರಸ್ತೆಯಲ್ಲಿ ನಿಂತರೂ ಕಾಣುವ ನೋಟ: ಪಿಕಪ್ಪಿನ ಹಿಂದೆ ಹತ್ತು ಹದಿನೈದು ಜನ, ತಲೆಗೆ ಬಟ್ಟೆ, ಕೈಯಲ್ಲಿ ಬುತ್ತಿ. ಜೀಪು ಸಿಗುವುದಿಲ್ಲ, ಬಸ್ಸು ಆ ಹೊತ್ತಿಗಿಲ್ಲ, ಆಳು ಬಾರದಿದ್ದರೆ ಹಣ್ಣು ಉದುರುತ್ತದೆ. ತೋಟದವರ ಕಷ್ಟ ನಿಜ. ಆದರೆ ಸರಕಿನ ಗಾಡಿಯ ವಿಮೆ ಹಿಂದೆ ನಿಂತು ಪ್ರಯಾಣ ಮಾಡುವವರಿಗಾಗಿ ಇರುವುದಲ್ಲ. ನ್ಯಾಯಾಲಯಗಳು ಎಷ್ಟೋ ಸಲ ಇದನ್ನು ಹೇಳಿವೆ. ಏನಾದರೂ ಆದರೆ ಪರಿಹಾರದ ಹೊರೆ ಗಾಡಿಯ ಮಾಲೀಕರ ತಲೆಗೆ ಬರಬಹುದು. ತೋಟ ಮಾರಿದರೂ ತೀರದಷ್ಟು. ಹೋದ ಜೀವವಂತೂ ಯಾವ ಪರಿಹಾರಕ್ಕೂ ಬಾರದು. ಬ್ರೇಕ್ ಚೆನ್ನಾಗಿರುವ ಗಾಡಿಗೇ ಈ ಮಾತು. ನಾಲ್ಕು ಸಲ ಕೈಕೊಟ್ಟ ಗಾಡಿಗೆ ಜನ ಹತ್ತಿಸುವುದನ್ನು ಇವತ್ತೇ ನಿಲ್ಲಿಸಿ. ಅಕ್ಕಪಕ್ಕದ ತೋಟದವರು ಸೇರಿ ಒಂದು ಜೀಪನ್ನು ಸೀಸನ್ನಿಗೆ ಗೊತ್ತು ಮಾಡಿಕೊಂಡರೆ ಒಬ್ಬೊಬ್ಬರ ಪಾಲಿಗೆ ಬರುವ ಖರ್ಚು ತಡೆದುಕೊಳ್ಳುವಷ್ಟೇ ಇರುತ್ತದೆ.

ಇನ್ನು ಮಾರುವ ಮಾತು. ಅಕ್ಕಾ, ಮಾರಿದರೆ ಬ್ರೇಕು ಸರಿಹೋಗುವುದಿಲ್ಲ, ಓಡಿಸುವವರು ಬದಲಾಗುತ್ತಾರೆ ಅಷ್ಟೆ. ಕೊಂಡವರು ಪೆರುಂಬಾಡಿ ಘಾಟಿ ಇಳಿದು ಮಾಕುಟ್ಟದ ಕಡೆ ಹೋಗುವಾಗ ಆ ಪೆಡಲ್ ಒಳಗೆ ಹೋದರೆ? ಮಾರಲೇಬೇಕಾದರೆ ಸರಿಮಾಡಿಸಿ ಮಾರಿ, ಅಥವಾ ಇರುವುದನ್ನು ಹೇಳಿ ಮಾರಿ. ನನ್ನ ಅಂದಾಜಿನಲ್ಲಿ ಸರಿಮಾಡಿಸಿದ ಮೇಲೆ ಮಾರುವ ಯೋಚನೆಯೇ ನಿಮಗೆ ಬರಲಿಕ್ಕಿಲ್ಲ.

ಈ ವಾರ ಮಾಡಬೇಕಾದ್ದನ್ನು ಕ್ರಮವಾಗಿ ಹೇಳುತ್ತೇನೆ, ಯಜಮಾನರಿಗೆ ಓದಿ ಹೇಳಿ. ಗಾಡಿಯನ್ನು ಸಮತಟ್ಟು ದಾರಿಯಲ್ಲಿ, ಖಾಲಿಯಾಗಿ, ನಿಧಾನವಾಗಿ ಗ್ಯಾರೇಜಿಗೆ ಒಯ್ಯಲಿ; ದಾರಿ ಇಳಿಜಾರಿದ್ದರೆ ಮೆಕ್ಯಾನಿಕ್ಕನ್ನೇ ಮನೆಗೆ ಕರೆಸಲಿ. ನಾಲ್ಕೂ ಚಕ್ರ ಬಿಚ್ಚಿಸಿ, ಹಿಂದಿನ ಡ್ರಮ್ ತೆರೆಸಿ, ನಿಂತು ನೋಡಲಿ. ಹೆಚ್ಚುವರಿ ಪ್ಲೇಟು ತೆಗೆಸಿ, ಲೋಡ್ ಸೆನ್ಸಿಂಗ್ ವಾಲ್ವನ್ನು ಕಂಪನಿಯ ಅಳತೆಗೆ ಅಡ್ಜಸ್ಟ್ ಮಾಡಿಸಲಿ. ಬ್ರೇಕ್ ಆಯಿಲ್ ಪೂರ್ತಿ ಬದಲಾಯಿಸಿ ಗಾಳಿ ತೆಗೆಸಲಿ. ಅಲ್ಲಿಂದ ಮುಂದೆ ಲೋಡು ಆರ್.ಸಿ. ಹೇಳಿದಷ್ಟೇ. ಮೂವತ್ತು ಮೂಟೆ ಇದ್ದರೆ ಎರಡು ಟ್ರಿಪ್ಪು. ಎರಡನೇ ಟ್ರಿಪ್ಪಿನ ಡೀಸೆಲ್ಲು ಒಂದು ಜೊತೆ ಪ್ಯಾಡಿಗಿಂತ ಅಗ್ಗ. ಮತ್ತೆ ದಿನಾ ಬೆಳಿಗ್ಗೆ ಗೇಟು ದಾಟುವ ಮೊದಲು ಪೆಡಲನ್ನು ಒತ್ತಿ ಹತ್ತು ಎಣಿಸುವವರೆಗೆ ಹಿಡಿದುಕೊಳ್ಳಲಿ. ಕೆಳಗಿಳಿದರೆ ಆ ದಿನ ಗಾಡಿ ಶೆಡ್ಡಿನಲ್ಲೇ ಇರಲಿ.